ಹಲಸಿನ ಬಾಗಿಲು

ಮೂಡಿಗೆರೆಯ ನಮ್ಮ ಮನೆಗೆ ಇವತ್ತು ಹೊಸ ಬಾಗಿಲು ಕೂರಿಸಿದೆವು. ಗಾಳಿಮಳೆಗೆ ತೋಟದಲ್ಲಿ ಬಿದ್ದ ಹಲಸಿನ ಮರ. ಊರಿನ ಸಾಮಿಲ್‌ನಲ್ಲೇ ಕೊಯ್ಸಿದ್ದು, ನಮ್ಮ ಆಚಾರ್ರು 11 ದಿನ ಕೂತು ಮಾಡಿದ್ದು. ಉಳಿ ಬಿದ್ದಾಗ ಒಳಗಿನ ಆ ಅರಿಶಿನ ಬಣ್ಣ ನೋಡಬೇಕಿತ್ತು! ವರ್ಷ ಕಳೆದ ಹಾಗೆ ಕಂದು ತಿರುಗುತ್ತದೆ.

ಅದೇ ಹೊತ್ತಿಗೆ ಸಿಲ್ವರ್ ಓಕ್ ದಿಮ್ಮಿಯ ಲಾರಿಯೊಂದು ಮನೆ ಮುಂದೆ ಹಾದುಹೋಯಿತು. ಆಸ್ಟ್ರೇಲಿಯಾ ಮೂಲದ ಮರ. ನಮ್ಮ ಕಾಫಿಗೆ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹೊತ್ತು ಬೆಳೆದದ್ದು. ದಿಮ್ಮಿಯಾಗಿ ಹೋಗಿ, ಪ್ಲೈವುಡ್ ಆಗಿ ನಮ್ಮ ಅಂಗಡಿಗೇ ವಾಪಸ್ ಬರುತ್ತದೆ. ಕೊಯ್ಯೋದು, ಒಣಗಿಸೋದು, ಕುರ್ಚಿ ಮೇಜು ಮಾಡೋದು ಇಲ್ಲೇ ನಡೆದರೆ ಕೂಲಿಯೂ ಇಲ್ಲೇ ಉಳಿಯುತ್ತದೆ, ಅಲ್ವಾ? ಆಚಾರ್ರ ಮಗನಿಗೂ ಉಳಿ ಹಿಡಿಯಲು ಬರುತ್ತದೆ. ಈಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ.