ಬಿನಾಲೆಗೂ ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಗಳಿಗೂ ಹೋಗುವವರಿಗೆ

ಕೇರಳದ ಕೊಚ್ಚಿ-ಮುಝಿರಿಸ್ ಬಿನಾಲೆ, ಅಂದರೆ ಸಮಕಾಲೀನ ಕಲೆಯ ದೊಡ್ಡ ಪ್ರದರ್ಶನ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಡಿಸೆಂಬರ್ ಮಧ್ಯದಲ್ಲಿ ಶುರುವಾಗಿ ಮೂರು ತಿಂಗಳಿಗೂ ಮೇಲೆ ನಡೆಯುತ್ತದೆ. ಮೊದಲ ವಾರಕ್ಕೇ ಟಿಕೆಟ್ ಮಾಡಿಸಬೇಡಿ. 2022ರಲ್ಲಿ ಡಿಸೆಂಬರ್ 12ಕ್ಕೆ ತೆರೆಯಬೇಕಿದ್ದ ಮುಖ್ಯ ಪ್ರದರ್ಶನ ಕೊನೇ ಗಳಿಗೆಯಲ್ಲಿ 23ಕ್ಕೆ ಹೋಯಿತು. ವರ್ಷದ ಕೊನೆಗೆ ಫೋರ್ಟ್ ಕೊಚ್ಚಿಯಲ್ಲಿ ಕಾರ್ನಿವಲ್ ನೂಕುನುಗ್ಗಲು. ಜನವರಿ ಎರಡನೇ ವಾರದಿಂದ ಫೆಬ್ರುವರಿ ಮುಗಿಯುವವರೆಗೆ ಒಳ್ಳೆಯ ಕಾಲ. ಮಾರ್ಚಿನಲ್ಲಿ ಪ್ರದರ್ಶನ ನಡೆಯುವ ಹಳೇ ಗೋದಾಮುಗಳೊಳಗೆ ಸೆಕೆ ತಡೆಯಲಾಗದು.

ಬೆಂಗಳೂರಿನಿಂದ ರಾತ್ರಿ ಹೊರಡುವ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹಿಡಿದು ಬೆಳಿಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳಿಯಿರಿ. ಆಟೊದಲ್ಲಿ ಹೈಕೋರ್ಟ್ ಜೆಟ್ಟಿಗೆ ಬಂದು ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೊ ದೋಣಿ ಹತ್ತಿದರೆ ಸೇತುವೆಗಳ ಟ್ರಾಫಿಕ್ ತಪ್ಪುತ್ತದೆ. ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ರಜೆ, ಶನಿವಾರ ಯಹೂದಿಗಳ ಪ್ರಾರ್ಥನಾಮಂದಿರವಾದ 1568ರ ಪರದೇಸಿ ಸಿನಗಾಗ್‌ಗೆ ರಜೆ. ಹಾಗಾಗಿ ಮಂಗಳವಾರದಿಂದ ಗುರುವಾರದೊಳಗೆ ಹೋಗುವುದು ಲೇಸು. ಕಲೆಗೆ ಒಂದು ದಿನ, ಅಂಗಡಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಸುಸ್ತಾದ ಕಣ್ಣಿಗೆ ಎಲ್ಲವೂ ಹಳೆಯದಾಗಿಯೇ ಕಾಣುತ್ತದೆ.

ಮಟ್ಟಾಂಚೇರಿಯ ಜ್ಯೂ ಟೌನ್ ಬೀದಿಯಲ್ಲಿ ಅಸಲಿ, ನಕಲಿ ಎರಡೂ ಒಂದೇ ಕಪಾಟಿನಲ್ಲಿರುತ್ತವೆ. ಕಂಚಿನ ಉರುಳಿ (ಅಗಲ ಬಾಯಿಯ ಅಡುಗೆ ಪಾತ್ರೆ) ಆದರೆ ಒಳಗೆ ಕೈಯಾಡಿಸಿ: ವರ್ಷಗಟ್ಟಲೆ ಸೌಟು ತಾಗಿದ ತಳ ನುಣುಪಾಗಿ, ಕಿವಿಗಳ ಅಂಚು ಸವೆದಿರುತ್ತದೆ. ಮೈತುಂಬ ಒಂದೇ ಸಮ ಹಸಿರು ಕಿಲುಬಿದ್ದರೆ ಆಸಿಡ್ ಕೆಲಸವೆಂದು ಅನುಮಾನಿಸಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಅದು ಸುಲಭವಾಗಿ ಬಿಡುತ್ತದೆ. ಅಂಚಿಗೆ ಬೆರಳಿಂದ ತಟ್ಟಿ. ನಾದ ಎಳೆಯದೆ ಮೊಂಡಾಗಿ ಕೇಳಿಸಿದರೆ ಬಿರುಕೋ ಬೆಸುಗೆಯೋ ಇರುತ್ತದೆ.

ಮರದ ಸಾಮಾನಿನ ಡ್ರಾಯರ್ ಪೂರ್ತಿ ಹೊರಗೆಳೆದು ತಳ ನೋಡಿ. ಮುಂಭಾಗದ ಬಣ್ಣವೇ ಅಲ್ಲೂ ಇದ್ದರೆ ಹೊಸದಾಗಿ ಬಳಿದದ್ದು. ಹುಳದ ತೂತು ದುಂಡಗಿರಬೇಕು. ಮೇಲ್ಮೈಯಲ್ಲೇ ಹುಳ ಕೊರೆದ ಉದ್ದುದ್ದ ಕಾಲುವೆಯಂಥ ಗೀರು ಕಂಡರೆ ಹಳೇ ತೊಲೆ ಕೊಯ್ದು ಮಾಡಿದ ಹೊಸ ಪೆಟ್ಟಿಗೆ. ತೂತಿನ ಕೆಳಗೆ ಹೊಸ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಬದುಕಿದೆ, ಮನೆಯ ಮರಕ್ಕೂ ಹತ್ತುತ್ತದೆ, ಬಿಟ್ಟುಬಿಡಿ.

ವಿದೇಶದಲ್ಲಿರುವ ಮಕ್ಕಳಿಗೆಂದು ಕೊಳ್ಳುವವರು ಗಮನಿಸಿ: 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ 100 ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ‘200 ವರ್ಷ ಹಳೆಯದು’ ಎಂದು ಬಿಲ್ಲಿನಲ್ಲಿ ಬರೆಸಿಕೊಂಡರೆ ಕಸ್ಟಮ್ಸ್‌ನಲ್ಲಿ ಅದೇ ಮುಳುವಾದೀತು. ಹೊಸದೇ ಆದರೂ ಹಳೆಯದರಂತೆ ಕಾಣುವ ವಸ್ತುವಿಗೆ ಭಾರತೀಯ ಪುರಾತತ್ತ್ವ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಿರಿ. ದಂತದ ಸಾಮಾನಂತೂ ಮುಟ್ಟಲೇಬೇಡಿ.

ಪಿಂಗಾಣಿ ಭರಣಿ ಕೊಂಡರೆ ಒಳಗೂ ಬಟ್ಟೆ ತುರುಕಿ, ಮುಚ್ಚಳ ಬೇರೆಯೇ ಸುತ್ತಿಸಿ. ಪಾರ್ಸೆಲ್ ಹಾಕದೆ ರೈಲಿನಲ್ಲಿ ಬರ್ತಿನ ಕೆಳಗಿಟ್ಟುಕೊಂಡು ತನ್ನಿ.