ಬುಗ್ಗೆಯ ನೀರೂ ಮಳೆಯ ನೀರೇ

ಗದಗ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಜಲಚಕ್ರದ ಪಾಠ ಬಂದಾಗಲೆಲ್ಲ ಸಮುದ್ರ, ಮೋಡ, ಮಳೆ, ಹೊಳೆ ಎಂದು ಹಲಗೆಯ ಮೇಲೆ ಬಾಣಗಳನ್ನೆಳೆದು ಮುಗಿಸುವುದು ನನಗೂ ರೂಢಿಯಾಗಿತ್ತು. ಈ ಸಲ ಹಿಮಾಚಲದ ಮಣಿಕರಣದಲ್ಲಿ ಬುಗ್ಗೆಯ ಕುದಿನೀರಿನಲ್ಲೇ ಅಕ್ಕಿ ಬೇಯಿಸುವ ಚಿತ್ರವನ್ನು ತೋರಿಸಿದಾಗ ಹಿಂದಿನ ಸಾಲಿನ ಹುಡುಗನೊಬ್ಬ, "ಅಕ್ಕೋರ, ಒಳಗ ಜ್ವಾಲಾಮುಖಿ ಐತೇನ್ರಿ?" ಎಂದು ಕೇಳಿದ.

ಮಕ್ಕಳೆಲ್ಲರೂ ಹಾಗೆಯೇ ಎಣಿಸಿದ್ದರು. ದೊಡ್ಡವರಲ್ಲೂ ಅನೇಕರ ಎಣಿಕೆ ಅದೇ. ಆದರೆ ನಮಗೆ ಹತ್ತಿರದ ಕೊಂಕಣದಲ್ಲಿ, ಗಣೇಶಪುರಿಯಿಂದ ರಾಜಾಪುರದವರೆಗೆ ಸಾಲಾಗಿರುವ ಬಿಸಿನೀರಿನ ಬುಗ್ಗೆಗಳ ಕೆಳಗೆ ಇಂದು ಯಾವ ಜ್ವಾಲಾಮುಖಿಯೂ ಇಲ್ಲ. ಅಲ್ಲಿ ಲಾವಾ ಹರಿದು ಸುಮಾರು 6.5 ಕೋಟಿ ವರ್ಷಗಳಾಗಿವೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಹೋದಂತೆ, ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿಯಷ್ಟು ಬಿಸಿ ಏರುತ್ತದೆ. ಕಾದು ಹಗುರಾದ ಆ ನೀರಿಗೆ ಮೇಲೇರಲು ಒಳ್ಳೆಯ ಬಿರುಕೊಂದು ಸಿಕ್ಕರೆ, ದಾರಿಯಲ್ಲಿ ಪೂರ್ತಿ ಆರುವ ಮುನ್ನವೇ ಅದು ಬುಗ್ಗೆಯಾಗಿ ಚಿಮ್ಮುತ್ತದೆ. ಇಂಥ ನೀರು ಬಹುಪಾಲು ಮಳೆ ಮತ್ತು ಹಿಮದ ನೀರೇ ಎಂಬುದನ್ನು ಹಾರ್ಮನ್ ಕ್ರೇಗ್ ಎಂಬ ವಿಜ್ಞಾನಿ ಅದರಲ್ಲಿನ ಜಲಜನಕ ಮತ್ತು ಆಮ್ಲಜನಕದ ಐಸೊಟೋಪುಗಳನ್ನು, ಎಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದು ತೋರಿಸಿದರು.

ಐಸೊಟೋಪಿನ ಮಾತು ಮಕ್ಕಳಿಗೆ ಹಿಡಿಸಲಿಲ್ಲ. ಕುಂಕುಮ ಕದಡಿದ ಬಿಸಿನೀರನ್ನು ಸಣ್ಣ ಶೀಶೆಯಲ್ಲಿ ತುಂಬಿ, ಮುಚ್ಚಳಕ್ಕೆ ಎರಡು ತೂತು ಹಾಕಿ, ತಣ್ಣೀರಿನ ಗಾಜಿನ ಪಾತ್ರೆಯ ತಳದಲ್ಲಿ ಇಟ್ಟಾಗ ಕೆಂಪು ಎಳೆ ಮೇಲಕ್ಕೇರಿದ್ದನ್ನು ನೋಡಲು ಮಾತ್ರ ನೂಕುನುಗ್ಗಲಾಯಿತು.

"ನಮ್ಮ ಬೋರಿನ ನೀರೂ ಥಂಡಿ ದಿನದಾಗ ಬಿಸಿ ಬರ್ತೈತ್ರಿ" ಎಂದಳು ಒಬ್ಬಳು. ಒಳ್ಳೆಯ ಗಮನಿಕೆ. ಆದರೆ ಬೋರಿನ 500 ಅಡಿ ಆಳ ಎಂದರೆ ಸುಮಾರು 150 ಮೀಟರ್; ಅಷ್ಟು ಆಳದಲ್ಲಿ ವರ್ಷವಿಡೀ ಒಂದೇ ಉಷ್ಣತೆ ಇರುವುದರಿಂದ, ಮುಂಜಾನೆಯ ಚಳಿಗೆ ಆ ನೀರು ಬೆಚ್ಚಗೆನಿಸುತ್ತದೆ. ಮೇಲಾಗಿ ಕಪ್ಪತಗುಡ್ಡ ಸೇರಿದಂತೆ ನಮ್ಮ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು, ಇಲ್ಲಿನ ನೆಲದ ಬಿಸಿ ನಿಧಾನವಾಗಿ ಏರುತ್ತದೆ. ಇಂಥದೇ ಹಳೆಯ ಶಿಲೆಯಲ್ಲಿ ಕೊರೆದ ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರ್ ಇಳಿದ ಮೇಲಷ್ಟೇ ಬಂಡೆ 60 ಡಿಗ್ರಿ ದಾಟಿತ್ತು.

ಆ ಆಳ ಎಷ್ಟೆಂದು ತೋರಿಸಲು ಬೋರನ್ನು ಹಲಗೆಯ ಮೇಲೆ ಒಂದು ಗೇಣು ಬರೆದೆ. ಗಣಿಗೆ ಇಪ್ಪತ್ತು ಗೇಣು ಬೇಕಾಗಿ ಹಲಗೆ ಸಾಲದೆ ಹೋದಾಗ, ಮಕ್ಕಳೇ ಸುಣ್ಣದ ಕಡ್ಡಿ ಹಿಡಿದು ಗೆರೆಯನ್ನು ಗೋಡೆಯಿಂದ ನೆಲಕ್ಕಿಳಿಸಿ, ಹೊಸ್ತಿಲು ದಾಟಿಸಿ ಪಡಸಾಲೆಯವರೆಗೆ ಎಳೆದರು.