ಮೂರು ಗಂಟೆಗೆ ನಿಂತುಹೋಗುತ್ತಿದ್ದ ಟ್ಯಾಬ್

ಮಧ್ಯಾಹ್ನ ಮೂರರ ಮೇಲೆ ಸ್ಕ್ರೀನ್ ಹ್ಯಾಂಗ್ ಆಗುತ್ತದೆ ಎಂಬ ದೂರು ಮೂರು ವಾರದಿಂದ ನಮ್ಮ ಟೀಮಿನ ಮುಂದಿತ್ತು. ಪ್ರತಿ ಸಲವೂ ನಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿ, ಎಲ್ಲ ಸರಿ ಇದೆ ಎಂದು ಬರೆದು ಮುಚ್ಚುತ್ತಿದ್ದೆವು. ಎರಡು ದಿನಕ್ಕೆ ಅದೇ ದೂರು ವಾಪಸ್ ಬರುತ್ತಿತ್ತು. ಕಾಲ್ ಸೆಂಟರಿನವರು ಬಳಸುವ ದೊಡ್ಡ ವೆಬ್ ಅಪ್ಲಿಕೇಶನ್ ಅದು. ನಲವತ್ತು ಜನ ಸೇರಿ ಬರೆದ ಕೋಡು. ಅದರಲ್ಲಿ ಎಲ್ಲಿ ಅಂತ ಹುಡುಕುವುದು?

ಒಂದು ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಹೋದೆ. ಕರೆ ತೆಗೆದುಕೊಳ್ಳುವ ಮೇಡಂ ಒಬ್ಬರ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ನೆ ಕೂತೆ. ಅರ್ಧ ಗಂಟೆಯಲ್ಲೇ ಒಂದು ವಿಷಯ ತಿಳಿಯಿತು. ಅವರು ಬೆಳಿಗ್ಗೆ ಒಂಬತ್ತಕ್ಕೆ ತೆರೆದ ಟ್ಯಾಬನ್ನು ಸಂಜೆವರೆಗೂ ರಿಫ್ರೆಶ್ ಮಾಡುವುದೇ ಇಲ್ಲ. ನಾವೋ, ಎರಡು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡುವವರು. ಅವರ ತೊಂದರೆ ನಮ್ಮ ಕಣ್ಣಿಗೆ ಬೀಳುವುದಾದರೂ ಹೇಗೆ?

ಕೀಬೋರ್ಡ್ ಪಕ್ಕದಲ್ಲಿ ಚೀಟಿಗಳ ಕಟ್ಟು ಇತ್ತು. ಇದು ಯಾಕೆ ಮೇಡಂ ಅಂದೆ.

“ಫಾರಂ ಅರ್ಧ ತುಂಬಿರ್ತೀನಿ ಸರ್, ಅಷ್ಟೊತ್ತಿಗೆ ಹ್ಯಾಂಗ್ ಆಗುತ್ತೆ. ಮತ್ತೆ ಹೆಸರು, ನಂಬರು ಎಲ್ಲ ಕೇಳಿದ್ರೆ ಕಸ್ಟಮರ್ ಬೈತಾರೆ. ಅದಕ್ಕೆ ಮೊದ್ಲೇ ಬರ್ಕೊಂಡುಬಿಡ್ತೀನಿ.”

ನಾವು ‘ಸರಿ ಇದೆ’ ಎಂದು ಮುಚ್ಚಿದ ದೂರಿನ ಹಿಂದೆ ಈ ಚೀಟಿಗಳಿದ್ದವು. ನನಗೆ ಮಾತು ಹೊರಡಲಿಲ್ಲ.

ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ಹತ್ತು ಗಂಟೆಗೆ 400 ಎಂಬಿ ಇತ್ತು. ಊಟದ ಹೊತ್ತಿಗೆ 900. ಮೂರಕ್ಕೆ 1,500 ದಾಟಿತು. ಪ್ರತಿ ಕರೆಗೂ ಗ್ರಾಹಕರ ವಿವರದ ಪ್ಯಾನೆಲ್ ತೆರೆದು ಮುಚ್ಚುತ್ತಾರೆ. ಮುಚ್ಚಿದರೂ ಮೆಮೊರಿ ಇಳಿಯುತ್ತಿರಲಿಲ್ಲ. ಇದನ್ನೇ ನಾವು ಮೆಮೊರಿ ಸೋರಿಕೆ ಎನ್ನುವುದು.

ಮರುದಿನ ಬೆಂಗಳೂರಿನಲ್ಲಿ, ಬ್ರೌಸರಿನೊಳಗೇ ಇರುವ ತಪ್ಪು ಹುಡುಕುವ ಸಲಕರಣೆ ಡೆವ್‌ಟೂಲ್ಸ್ ತೆರೆದು ಕೂತೆ. ನಾನು ಕೆಲಸ ಕಲಿತ ದಿನಗಳಲ್ಲಿ ಅಲ್ಲಲ್ಲಿ ಅಲರ್ಟ್ ಎಂಬ ಪುಟ್ಟ ಸಂದೇಶದ ಪೆಟ್ಟಿಗೆ ಹಾಕಿ ಹಾಕಿ ತಪ್ಪು ಹುಡುಕುತ್ತಿದ್ದೆವು. 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರಿಗೆ ಜೋ ಹೆವಿಟ್ ಅವರ ಫೈರ್‌ಬಗ್ ಎಂಬ ಸಲಕರಣೆ ಬಂತು. ಪುಟದ ಒಳಗೇ ಕೈಹಾಕಿ ನೋಡಬಹುದಲ್ಲ ಎಂದು ಎಷ್ಟು ಖುಷಿಪಟ್ಟಿದ್ದೆ! 2017ರಲ್ಲಿ ಫೈರ್‌ಬಗ್ ನಿಂತಿತು. ಆ ಖುಷಿ ಮಾತ್ರ ಇವತ್ತಿಗೂ ನನಗೆ ಡೆವ್‌ಟೂಲ್ಸ್ ತೆರೆದಾಗ ಬರುತ್ತದೆ.

ಮೆಮೊರಿಯಲ್ಲಿರುವ, ಆದರೆ ಕೋಡಿನಲ್ಲಿ ಯಾರೂ ಹಿಡಿದುಕೊಂಡಿರದ ವಸ್ತುವನ್ನು ಬ್ರೌಸರ್ ತಾನೇ ಗುಡಿಸಿ ಹಾಕುತ್ತದೆ. ಎಲ್ಲೋ ಒಂದು ಕೈ ಹಿಡಿದಿದ್ದರೂ ಮುಟ್ಟುವುದಿಲ್ಲ. ಆ ಕ್ಷಣ ಮೆಮೊರಿಯಲ್ಲಿ ಏನೇನಿದೆ, ಯಾವುದನ್ನು ಯಾವುದು ಹಿಡಿದಿದೆ ಎಂದು ತೋರಿಸುವುದು ಹೀಪ್ ಸ್ನ್ಯಾಪ್‌ಶಾಟ್. ಮೊದಲ ಸಲ ನೋಡಿದಾಗ ಹೆಸರುಗಳೆಲ್ಲ ಟಿ, ಇ, ಎನ್ ಎಂದು ಒಂದೊಂದೇ ಅಕ್ಷರ. ಕೋಡನ್ನು ಚಿಕ್ಕದಾಗಿಸಲು ಹೆಸರುಗಳನ್ನು ಕತ್ತರಿಸುವ ಮಿನಿಫೈ ಕೆಲಸ ಮಾಡದೆ ಮತ್ತೆ ಬಿಲ್ಡ್ ಮಾಡಿದೆ. ಆಮೇಲೆ ಇನ್ನೊಂದು ಗೊಂದಲ. ಡೆವ್‌ಟೂಲ್ಸಿನ ಕನ್ಸೋಲ್ ಎಂಬ ಭಾಗದಲ್ಲಿ ಲಾಗ್ ಮಾಡಿದ, ಅಂದರೆ ನೋಡಲೆಂದು ಬರೆಸಿದ ವಸ್ತುಗಳನ್ನು ಕನ್ಸೋಲೇ ಹಿಡಿದಿಟ್ಟುಕೊಳ್ಳುತ್ತದೆ. ಹುಡುಕಲೆಂದು ನಾನು ಹಾಕಿದ ಲಾಗುಗಳೇ ಹೊಸ ಸೋರಿಕೆಯ ಹಾಗೆ ಕಾಣುತ್ತಿದ್ದವು! ಇದನ್ನು ಅರಿಯಲು ಒಂದು ಬೆಳಗು ಪೂರ್ತಿ ಹೋಯಿತು. ಲಾಗುಗಳನ್ನೆಲ್ಲ ತೆಗೆದೆ.

ಆಮೇಲೆ ಒಂದು ಹಳೆಯ ಉಪಾಯ ಮಾಡಿದೆ. ಒಂದು ಸ್ನ್ಯಾಪ್‌ಶಾಟ್ ತೆಗೆದು, ಪ್ಯಾನೆಲನ್ನು ಸರಿಯಾಗಿ ಏಳು ಸಲ ತೆರೆದು ಮುಚ್ಚಿ, ಇನ್ನೊಂದು ತೆಗೆದೆ. ಏಳೇ ಯಾಕೆ ಅಂದರೆ, ಎರಡು, ನಾಲ್ಕು, ಹತ್ತು ಬೇರೆ ಕಾರಣಕ್ಕೂ ಬರಬಹುದು. ಏಳು ಅಷ್ಟು ಸುಲಭವಾಗಿ ಬರುವುದಿಲ್ಲ. ಎರಡನ್ನೂ ಹೋಲಿಸಿ ನೋಡಿದೆ. ಸಾವಿರಾರು ಸಾಲುಗಳ ನಡುವೆ ನಮ್ಮ ಪ್ಯಾನೆಲಿನ ಹೆಸರು, ಅದರ ಎದುರು ಏಳು. ಒಂದೊಂದೂ ಹಿಡಿದಿದ್ದು ಸುಮಾರು 20 ಎಂಬಿ.

ಕೆಳಗಿನ ರಿಟೇನರ್ಸ್ ಪಟ್ಟಿ ನನಗೆ ಅತ್ಯಂತ ಇಷ್ಟವಾದ ಜಾಗ. ಯಾರು ಯಾರನ್ನು ಹಿಡಿದಿದ್ದಾರೆ ಎಂದು ಬೇರಿನತನಕ ತೋರಿಸುತ್ತದೆ. ಪ್ಯಾನೆಲನ್ನು ಹಿಡಿದದ್ದು ಒಂದು ಫಂಕ್ಷನ್, ಅಂದರೆ ಕೋಡಿನ ಒಂದು ತುಂಡು. ಅದನ್ನು ಹಿಡಿದದ್ದು ವಿಂಡೋದ ರಿಸೈಜ್ ಲಿಸನರ್, ಅಂದರೆ ವಿಂಡೋದ ಅಳತೆ ಬದಲಾದಾಗ ಆ ಫಂಕ್ಷನನ್ನು ಓಡಿಸಲೆಂದು ಹಾಕಿಟ್ಟ ಏರ್ಪಾಡು.

ಕೋಡು ತೆಗೆದು ನೋಡಿದರೆ ಲಿಸನರ್ ಹಾಕುವ ಸಾಲೂ ಇತ್ತು, ತೆಗೆಯುವ ಸಾಲೂ ಇತ್ತು! ಅದನ್ನು ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟವನು ನಾನೇ. ಎರಡೂ ಕಡೆ, ಫಂಕ್ಷನನ್ನು ಪ್ಯಾನೆಲಿಗೆ ಕಟ್ಟುವ ಬೈಂಡ್ ಎಂಬ ಮಾತು ಬರೆದಿತ್ತು. ಬೈಂಡ್ ಎಂದಾಗಲೆಲ್ಲ ವೆಬ್ ಪುಟಗಳ ಕೋಡಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಹೊಸ ಫಂಕ್ಷನ್ ಮಾಡಿ ಕೊಡುತ್ತದೆ. ಹಾಕಿದ್ದು ಒಂದು, ತೆಗೆಯಲು ಕೊಟ್ಟಿದ್ದು ಇನ್ನೊಂದು. ಅಂಥ ಲಿಸನರ್ ಸಿಗದಿದ್ದರೆ ಬ್ರೌಸರ್ ಎರರ್ ಕೂಡ ಕೊಡುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಓದುವ ಕಣ್ಣಿಗೆ ಇದು ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಒಮ್ಮೆ ಮಾತ್ರ ಬೈಂಡ್ ಮಾಡಿ, ಅದನ್ನೇ ಎರಡೂ ಕಡೆ ಬಳಸಿದೆ. ಬದಲಾಗಿದ್ದು ಮೂರು ಸಾಲು. ಮತ್ತೆ ಏಳು ಸಲ ತೆರೆದು ಮುಚ್ಚಿ ನೋಡಿದೆ. ಸೊನ್ನೆ.

ಮುಂದಿನ ವಾರ ಆ ಮೇಡಂಗೆ ಫೋನ್ ಮಾಡಿದೆ. “ಸೋಮವಾರದಿಂದ ಒಂದ್ಸಲನೂ ನಿಂತಿಲ್ಲ ಸರ್” ಅಂದರು. ಹಾಗಾದ್ರೆ ಚೀಟಿ ಬಿಟ್ರಾ ಎಂದು ಕೇಳಿದೆ.

“ಇಲ್ಲ ಸರ್, ಇನ್ನೂ ಒಂದು ತಿಂಗಳು ನೋಡ್ತೀನಿ.”